ತಪ್ಪು ಊದಿದವನ ವಂಶದ ಕುಡಿ

ಬಾಹಿಯಾ ನಾಡಿನ ನಮ್ಮ ಪೆದ್ರಾ ದೊ ದೆಂದೆ ಊರಿನ ಬ್ಯಾಂಡಿನಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಟ್ಯೂಬಾ ಊದುತ್ತಿದ್ದೇನೆ. ಟ್ಯೂಬಾ ಎಂದರೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಹೊರಬೇಕಾದ, ಎಮ್ಮೆಕರುವಿನಷ್ಟು ಭಾರದ ಹಿತ್ತಾಳೆ ವಾದ್ಯ. ಅದನ್ನು ಊದುವವನನ್ನು ಯಾವಾಗಲೂ ಹಿಂದಿನ ಸಾಲಿನಲ್ಲೇ ನಿಲ್ಲಿಸುತ್ತಾರೆ. ಹೀಗಾಗಿ ಊರಿನ ಜನವೆಲ್ಲ ಎವಿಲಾಸಿಯೊನ ಮುಖ ನೋಡಿದ್ದರೆ ನಾನು ಅವನ ಬೆನ್ನು ನೋಡಿದ್ದೇನೆ. ಮೂರನೇ ತುತ್ತೂರಿಯವನಾದ ಎವಿಲಾಸಿಯೊ ತಪ್ಪು ಊದಿದನೋ ಇಲ್ಲವೋ ಎಂದು ತಿಳಿಯಲು ಸಂಗೀತ ಗೊತ್ತಿರಬೇಕಾಗಿಲ್ಲ, ಅವನ ಕಿವಿ ನೋಡಿದರೆ ಸಾಕು. ತಪ್ಪಿದ ಕೂಡಲೇ ಎರಡೂ ಕಿವಿ ಬೇಯಿಸಿದ ಏಡಿಯ ಹಾಗೆ ಕೆಂಪಾಗುತ್ತವೆ. ಈ ಇಪ್ಪತ್ತಾರು ವರ್ಷಗಳಲ್ಲಿ ಅವು ತಮ್ಮ ಸಹಜವಾದ ಬಣ್ಣದಲ್ಲಿ ಇದ್ದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಒಂದು ಸಲ ಅವನಿಗೆ ಜ್ವರ ಬಂದು ರಜೆ ಹಾಕಿದ್ದ, ಕೇಳಲು ಬಂದು ಮುಂದೆ ಕುಳಿತಿದ್ದ. ಇನ್ನೊಂದನ್ನು ಮುಂದೆ ಹೇಳುತ್ತೇನೆ.

ವೃತ್ತಿಯಲ್ಲಿ ಅವನು ಬೀಗದ ಕೈ ಮಾಡುವವನು. ಅವನು ಮಾಡಿಕೊಟ್ಟ ಕೈ ನಿಮ್ಮ ಮನೆಯ ಬಾಗಿಲನ್ನೇ ತೆರೆಯುತ್ತದೆಂದು ಹೇಳಲಾಗದು, ಆದರೆ ಊರಿನ ಯಾವುದೋ ಒಂದು ಬಾಗಿಲನ್ನು ತೆರೆದೇ ತೆರೆಯುತ್ತದೆ. ಆದ್ದರಿಂದ ನಮ್ಮಲ್ಲಿ ಅಕ್ಕಪಕ್ಕದವರ ನಡುವೆ ಹೋಗಿಬರುವುದು ಸ್ವಲ್ಪ ಹೆಚ್ಚು. ಇಷ್ಟಾದರೂ ಜನ ಅವನ ಹತ್ತಿರವೇ ಹೋಗುತ್ತಾರೆ. ಅವನಷ್ಟು ಒಳ್ಳೆಯ ಮನುಷ್ಯ ಸಿಗುವುದಿಲ್ಲ. ಊರಿಗೆ ಬೇರೆ ಬೀಗದವನೂ ಇಲ್ಲ.

ಬ್ಯಾಂಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ಯಾಂಡಿನ ಹೆಸರು ಲೀರಾ ಕಾಬೊಕ್ಲಾ. ನಾವು ಕುಣಿತದ ಹಾಡು, ಪ್ರೇಮದ ಹಾಡು ನುಡಿಸುವವರಲ್ಲ. ನಮ್ಮದೇನಿದ್ದರೂ ನಾಡಿನ ಚರಿತ್ರೆ. ಗುಲಾಮರ ಬಿಡುಗಡೆಗೆ ಒಂದು ಮಾರ್ಚ್, ಮಠದ ಬಾಗಿಲಲ್ಲಿ ಸೈನಿಕರಿಗೆ ಅಡ್ಡ ನಿಂತು ಪ್ರಾಣ ಬಿಟ್ಟ ತಾಯಿಗೆ ಒಂದು ಮಾರ್ಚ್, ಪೋರ್ಚುಗೀಸರ ದೋಣಿಗಳಿಗೆ ಬೆಂಕಿ ಇಟ್ಟ ಮೀನುಗಾರ ಹೆಂಗಸರಿಗೆ ಒಂದು ಮಾರ್ಚ್. ಅವುಗಳಲ್ಲಿ ಅರ್ಧದಷ್ಟನ್ನು ಬರೆದವರು ನಮ್ಮ ಮೇಷ್ಟ್ರು ಎರ್ಮೊಜೆನೆಸ್. ಸತ್ತವರ ಮೇಲೆ ಅಷ್ಟು ಗೌರವ, ಬದುಕಿರುವ ನಮ್ಮ ಮೇಲೆ ಇಷ್ಟು ಕೋಪ ಇಟ್ಟುಕೊಂಡ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಜೂನ್ ತಿಂಗಳ ಮೊದಲ ಗುರುವಾರ ಸಂಜೆ ಅಭ್ಯಾಸ ನಡೆದಿತ್ತು. ಪೋರ್ಚುಗೀಸರನ್ನು ಓಡಿಸಿದ ದಿನವಾದ ಜುಲೈ ಎರಡರ ಮೆರವಣಿಗೆಗೆ ಇನ್ನೊಂದು ತಿಂಗಳಿತ್ತು. ಮೇಷ್ಟ್ರು ಕೋಲಿನಿಂದ ಮೇಜು ಕುಟ್ಟಿದರು. ಎವಿಲಾಸಿಯೊನ ಕಿವಿ ಆಗಲೇ ಕೆಂಪಾಗಿತ್ತು.

"ಎವಿಲಾಸಿಯೊ, ನಿನ್ ಹಾಳೇಲಿ ಏನು ಬರ್ದಿದೆ?"

"ಎರಡು ಆವರ್ತ ಸುಮ್ನಿರು ಅಂತ ಬರ್ದಿದೆ, ಮೇಷ್ಟ್ರೇ."

"ನೀನೇನು ಮಾಡ್ದೆ?"

"ಸುಮ್ನಿರೋಕ್ಕೇ ಹೊರಟಿದ್ದೆ ಮೇಷ್ಟ್ರೇ. ಅಷ್ಟರಲ್ಲಿ ಊದ್ಬಿಟ್ಟೆ."

ಮೇಷ್ಟ್ರು ಕೋಲನ್ನು ಮೇಜಿನ ಮೇಲಿಟ್ಟರು. ಅವರು ಕೂಗಾಡಿದಾಗ ನಮಗೆ ಭಯವಿಲ್ಲ, ಕೋಲು ಕೆಳಗಿಟ್ಟಾಗ ಭಯ. "ಮೂವತ್ತೊಂದು ವರ್ಷ ಆಯ್ತು ಕಣೋ. ಸಾಕು. ಔಷಧಿ ಅಂಗಡಿ ಇವೊನೆಯ್ಡೆ ಬರೋ ವಾರದಿಂದ ಮೂರನೇ ತುತ್ತೂರಿ. ನೀನು ಬಾವುಟ ಹಿಡ್ಕೊಂಡು ಮುಂದೆ ನಡಿ. ಅದೂ ಗೌರವದ ಕೆಲಸಾನೇ."

ಬಾವುಟ ಗೌರವದ ಕೆಲಸವೇ ಸರಿ. ಆದರೆ ನಮ್ಮ ಬ್ಯಾಂಡಿನಲ್ಲಿ ಅದನ್ನು ಹಲ್ಲು ಉದುರಿದವರಿಗೆ ಕೊಡುತ್ತಾರೆ, ಹಲ್ಲಿಲ್ಲದೆ ತುತ್ತೂರಿ ಊದಲಾಗುವುದಿಲ್ಲ. ಎವಿಲಾಸಿಯೊನ ಬಾಯಲ್ಲಿ ಹಲ್ಲು ಸಾಲಾಗಿ ಇದ್ದವು. ಹಲ್ಲಿರುವವನ ಕೈಗೆ ಬಾವುಟ ಕೊಟ್ಟದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಅವನು ತುತ್ತೂರಿಯನ್ನು ಎದೆಗೆ ಒತ್ತಿ ಹಿಡಿದು ಎದ್ದು ನಿಂತ. ಮುಂದೆ ಅವನ ಬಾಯಿಂದ ಬಂದದ್ದು ಅವನಿಗೇ ಗೊತ್ತಿರಲಿಲ್ಲವೆಂದು ನಾನು ಇವತ್ತಿಗೂ ನಂಬುತ್ತೇನೆ.

"ಮೇಷ್ಟ್ರೇ, ತಪ್ಪು ಊದೋದು ನಮ್ಮ ರಕ್ತದಲ್ಲೇ ಇದೆ. ಪಿರಾಜಾದ ಕಹಳೆಯವನು ನಮ್ಮ ಮುತ್ತಾತನ ಮುತ್ತಾತ."

ವಾದ್ಯಗಳನ್ನು ಕೆಳಗಿಟ್ಟು ಸಭಾಂಗಣ ಪೂರ್ತಿ ಅವನತ್ತ ತಿರುಗಿತು.

ಪಿರಾಜಾದ ಕಹಳೆಯವನ ಕಥೆ ನಮ್ಮ ಬಾಹಿಯಾದಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಸ್ವಾತಂತ್ರ್ಯದ ಯುದ್ಧದಲ್ಲಿ ನಮ್ಮವರು ಪಿರಾಜಾ ಗುಡ್ಡದ ಮೇಲೆ ಸೋಲುತ್ತಿದ್ದರಂತೆ. ಸೇನಾಪತಿ ಕಹಳೆಯವನಿಗೆ 'ಹಿಂದೆ ಸರಿಯಿರಿ ಎಂದು ಊದು' ಎಂದನಂತೆ. ಆ ಪುಣ್ಯಾತ್ಮ 'ಕುದುರೆ ಪಡೆ ಮುನ್ನುಗ್ಗಲಿ' ಎಂದು ಊದಿಬಿಟ್ಟನಂತೆ. ನಮ್ಮಲ್ಲಿ ಕುದುರೆ ಪಡೆಯೇ ಇರಲಿಲ್ಲ. ಪೋರ್ಚುಗೀಸರಿಗೆ ಅದು ಗೊತ್ತಿರಬೇಕಲ್ಲ! ಕುದುರೆ ಬಂತೆಂದು ಅವರು ದಿಕ್ಕಾಪಾಲಾದರಂತೆ, ನಾವು ಗೆದ್ದೆವಂತೆ. ಹೀಗೆ ಒಬ್ಬ ತಪ್ಪು ಊದಿದ್ದರಿಂದ ಒಂದು ನಾಡು ಉಳಿದುಕೊಂಡಿತು. ಈ ಕಥೆಗೆ ಮೇಷ್ಟ್ರು ಬರೆದ ಮಾರ್ಚೇ ನಮ್ಮ ಬ್ಯಾಂಡಿನ ಕಿರೀಟ.

ಮೇಷ್ಟ್ರು ಕುರ್ಚಿ ಹುಡುಕಿ ಕುಳಿತರು. "ಮೂವತ್ತೊಂದು ವರ್ಷ ಇದನ್ಯಾಕೋ ಬಾಯಿ ಬಿಡ್ಲಿಲ್ಲ?"

"ದೊಡ್ಡವರ ಹೆಸರು ಹೇಳ್ಕೊಂಡು ತಿರುಗೋದು ಚೆನ್ನಾಗಿರಲ್ಲ ಅಂತ, ಮೇಷ್ಟ್ರೇ."

ಅವನ ಕಿವಿ ನನಗೆ ಕಾಣುತ್ತಿತ್ತು. ಅದರ ಮೇಲೆ ರೊಟ್ಟಿ ಸುಡಬಹುದಿತ್ತು. ಆದರೆ ಮೇಷ್ಟ್ರಿಗೆ ಕಂಡದ್ದು ಚರಿತ್ರೆ ಮಾತ್ರ. ಪಿರಾಜಾದ ವೀರನನ್ನು ಹಾಡುವ ಬ್ಯಾಂಡಿನಿಂದ ಪಿರಾಜಾದ ವೀರನ ರಕ್ತವನ್ನೇ ಹೊರಗೆ ಹಾಕುವುದು ಹೇಗೆ? ಇವೊನೆಯ್ಡೆಗೆ ಸದ್ಯಕ್ಕೆ ಕಾಯಲು ಹೇಳಿದರು. ಎವಿಲಾಸಿಯೊನ ಕುರ್ಚಿ ಉಳಿಯಿತು.

ಆ ಮಾತು ಸಭಾಂಗಣದಲ್ಲೇ ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಮರುದಿನ ಬೆಳಗ್ಗೆ ಚರ್ಚಿನ ಮೂಲೆಯಲ್ಲಿ ಅಕರಾಜೆ ವಡೆ ಕರಿಯುವ ದೊನಾ ಕ್ರಿಸ್ಪಿನಾಗೆ ಅದು ಗೊತ್ತಾಯಿತು. ದೊನಾ ಕ್ರಿಸ್ಪಿನಾಗೆ ಗೊತ್ತಾಗುವುದು ಎಂದರೆ ಮೂರು ಊರಿನ ವಡೆ ತಿನ್ನುವವರಿಗೆಲ್ಲ ಗೊತ್ತಾಗುವುದು ಎಂದರ್ಥ.

"ಬಾ ಮಗಾ ಎವಿಲಾಸಿಯೊ, ಹೀಗೆ ತಿರುಗು," ಎಂದಳು ಜಾಲರಿ ಸೌಟಿನಿಂದಲೇ ಅವನ ಗಲ್ಲ ತಿರುಗಿಸುತ್ತ. "ನೋಡ್ರಪ್ಪಾ ಈ ಮೂಗು! ಇದು ಬೀಗ ರಿಪೇರಿ ಮಾಡೋ ಮೂಗಾ? ಇದು ಯುದ್ಧಭೂಮಿ ಮೂಗು. ಇಯಾನ್ಸಾಂ ತಾಯಿ ಆಣೆ, ಇವ್ನು ಮಗು ಆಗಿದ್ದಾಗ್ಲೇ ನಾನು ಅಂದಿದ್ದೆ."

"ಏನಂದಿದ್ದೆ ದೊನಾ ಕ್ರಿಸ್ಪಿನಾ?"

"ಏನೋ ಅಂದಿದ್ದೆ ಬಿಡು. ಈ ವಡೆ ತಗೋ, ಸೀಗಡಿ ಜಾಸ್ತಿ ಹಾಕಿದೀನಿ."

ಅಂದಿನಿಂದ ಊರು ಅವನ ತಪ್ಪುಗಳನ್ನು ನೋಡುವ ರೀತಿಯೇ ಬದಲಾಯಿತು. ಅಂಚೆ ಕಚೇರಿಯ ಗುಮಾಸ್ತ ಅವನು ಮಾಡಿಕೊಟ್ಟ ಕೈಯಿಂದ ಬೀಗ ತೆಗೆಯಲಾಗದೆ ಎರಡು ಗಂಟೆ ಬೀದಿಯಲ್ಲಿ ನಿಂತಿದ್ದ. ಹಿಂದಿನ ತಿಂಗಳಾಗಿದ್ದರೆ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದವನು ಈಗ ಬಂದವರಿಗೆಲ್ಲ ಕೈ ತೋರಿಸಿ, "ಪಿರಾಜಾ ಕೈ ಕಣ್ರೀ ಇದು" ಎಂದು ಹೆಮ್ಮೆಪಟ್ಟುಕೊಂಡ. ಕಾಗುಣಿತ ತಪ್ಪಿದ ಹುಡುಗರು ಮೇಡಮ್ಮಿಗೆ ಎವಿಲಾಸಿಯೊನ ಹೆಸರು ಹೇಳತೊಡಗಿದರು.

ಮನೆಯಲ್ಲಿ ಮಾತ್ರ ಹೆಂಡತಿ ಜಂದಿರಾ ಇದ್ದಳು. ನಾನು ಅವನ ಕೋಟಿನ ಅಳತೆ ತೆಗೆಯಲು ಹೋದಾಗ (ಬ್ಯಾಂಡಿನ ಬಟ್ಟೆ ಹೊಲಿಯುವ ದರ್ಜಿಯೂ ನಾನೇ) ಅವಳು ಮರಗೆಣಸು ಸುಲಿಯುತ್ತ ಕುಳಿತಿದ್ದಳು. ಚಾಕು ಅವನತ್ತಲೇ ತಿರುಗಿತ್ತು.

"ಅಲ್ಲ ಮಾರಾಯಾ, ನಿಮ್ಮಜ್ಜ ಏಡಿ ಹಿಡೀತಿದ್ದ. ಅವರಪ್ಪ ಏಡಿ ಹಿಡೀತಿದ್ದ. ಅದಕ್ಕಿಂತ ಹಿಂದಿನೋರನ್ನ ಏಡಿನೇ ಹಿಡಿದಿರ್ಬೇಕು. ಯುದ್ಧಕ್ಕೆ ಹೋದೋರು ಯಾರೋ ನಿಮ್ಮಲ್ಲಿ?"

"ಬಾಯಿ ತಪ್ಪಿ ಬಂತು ಕಣೆ."

"ಹಾಗಾದ್ರೆ ನಾಳೆ ಹೋಗಿ ಮೇಷ್ಟ್ರ ಹತ್ರ ತಪ್ಪಾಯ್ತು ಅನ್ನು."

"ಅಂದ್ರೆ ಕುರ್ಚಿ ಹೋಗುತ್ತೆ ಜಂದಿರಾ." ಅವನು ಇಷ್ಟೇ ಹೇಳಿದ. ಅವಳು ಚಾಕುವನ್ನು ಕೆಳಗಿಟ್ಟಳು. ಮೂವತ್ತೊಂದು ವರ್ಷ ಪ್ರತಿ ಗುರುವಾರ ಅವನ ಅಂಗಿಗೆ ಇಸ್ತ್ರಿ ಹಾಕಿದವಳು ಅವಳು. ಆ ಕುರ್ಚಿ ಅವನಿಗೆ ಏನೆಂದು ಅವಳಿಗೆ ಗೊತ್ತಿತ್ತು. ಮತ್ತೆ ಚಾಕು ಎತ್ತಿಕೊಂಡು ಮರಗೆಣಸಿನ ಮೇಲೆ ಸಿಟ್ಟು ತೀರಿಸಿಕೊಂಡಳು.

ಇಷ್ಟರಲ್ಲಿ ಪುರಸಭೆಯ ಸಂಸ್ಕೃತಿ ಇಲಾಖೆಯ ಡಾಕ್ಟರ್ ಅರ್ಲಿಂದೊ ಅವನ ಮನೆಗೆ ಬಂದರು. ಅವರು ಯಾವ ಕಾಯಿಲೆಯ ಡಾಕ್ಟರೂ ಅಲ್ಲ. ನಮ್ಮಲ್ಲಿ ಟೈ ಕಟ್ಟಿಕೊಂಡು ಬೆವರುವವರಿಗೆಲ್ಲ ಡಾಕ್ಟರ್ ಎನ್ನುವುದು ವಾಡಿಕೆ. ಕೈಯಲ್ಲಿ ವೀರನ ವಂಶಸ್ಥನೆಂದು ಗುರುತಿಸುವ ಅರ್ಜಿ ನಮೂನೆ ಇತ್ತು.

"ಸರ್ಕಾರ ಅಂದ್ಮೇಲೆ ಪುರಾವೆ ಬೇಕು. ಆ ಕಾಲದ ಜ್ಞಾನಸ್ನಾನದ ದಾಖಲೆ ಚರ್ಚಿನಲ್ಲಿ ನೋಡ್ಸಿದೆ. ನಿಮ್ಮ ಮುತ್ತಾತನ ಮುತ್ತಾತನ ಪುಟ ಗೆದ್ದಲು ತಿಂದಿದೆ."

"ಅಯ್ಯೋ ಪಾಪ," ಎಂದ ಎವಿಲಾಸಿಯೊ, ಆ ಗೆದ್ದಲುಗಳಿಗೆ ಮನಸ್ಸಿನಲ್ಲೇ ಕೈಮುಗಿಯುತ್ತ.

"ಪಾಪ ಅಲ್ಲಪ್ಪಾ! ಅದೇ ಪುರಾವೆ. ಸುತ್ತಮುತ್ತಲ ಸಾಮಾನ್ಯ ಜನರ ಪುಟ ಎಲ್ಲ ಹಾಗೇ ಇದೆ. ಬೇಕಾದ್ದೊಂದೇ ಇಲ್ಲ. ಮಹಾಪುರುಷರ ವಿಷಯದಲ್ಲಿ ಯಾವಾಗಲೂ ಹೀಗೇ." ಡಾಕ್ಟರ್ ಅರ್ಜಿಯ ಮೇಲೆ ಮುದ್ರೆ ಒತ್ತಿದರು. ಈ ಸಲ ಜುಲೈ ಎರಡರಂದು ಪಿರಾಜಾ ಕದನದ ಪ್ರದರ್ಶನದಲ್ಲಿ ಕಹಳೆ ಊದುವವನು ಎವಿಲಾಸಿಯೊನೇ ಎಂದು ತೀರ್ಮಾನವಾಯಿತು. ರಾಜ್ಯಪಾಲರ ಪ್ರತಿನಿಧಿ ನೋಡಲು ಬರುತ್ತಾರೆಂದೂ ಗೊತ್ತಾಯಿತು. ಎವಿಲಾಸಿಯೊ ನೀರು ಕೇಳಿದ, ಜಂದಿರಾ ಚೊಂಬು ತಂದುಕೊಟ್ಟಳು. ಪೂರ್ತಿ ಕುಡಿದ.

ಪ್ರತಿ ವರ್ಷ ಕಸಾಯಿಖಾನೆಯ ಪಕ್ಕದ ಫುಟ್ಬಾಲ್ ಮೈದಾನದಲ್ಲಿ ಈ ಕದನ ನಡೆಯುತ್ತದೆ. ಬಾಹಿಯಾದ ಸೇನೆ ಎಂದರೆ ನಮ್ಮ ಲೀರಾ, ಜೊತೆಗೆ ಮೀನುಗಾರರು, ಶಾಲೆಯ ಮೇಷ್ಟ್ರುಗಳು. ಪೋರ್ಚುಗೀಸ್ ಸೇನೆ ಎಂದರೆ ಊರಿನ ಇನ್ನೊಂದು ಬ್ಯಾಂಡಾದ ಲುಜಿಟಾನಾ. ಅದನ್ನು ಕಟ್ಟಿದವನು ಒಬ್ಬ ಪೋರ್ಚುಗೀಸ್ ಬೇಕರಿಯವನು. ಆ ಒಂದು ತಪ್ಪಿಗಾಗಿ ಲುಜಿಟಾನಾದವರು ನೂರು ವರ್ಷಗಳಿಂದ ವರ್ಷಕ್ಕೊಮ್ಮೆ ಸೋತು ಓಡುತ್ತಿದ್ದಾರೆ. ಅಪ್ಪ ಓಡಿದ ದಾರಿಯಲ್ಲೇ ಮಗ ಓಡುತ್ತಾನೆ. ಅವರ ಈಗಿನ ಮುಖಂಡ ಕುಸ್ತೊದಿಯೊ ಅದೇ ಬೇಕರಿಯ ಯಜಮಾನ. ಸುದ್ದಿ ಕೇಳಿ ಅವನು ಒಂದು ಬುಟ್ಟಿ ಬ್ರೆಡ್ಡು ಹಿಡಿದು ನೇರವಾಗಿ ನಮ್ಮ ಅಭ್ಯಾಸಕ್ಕೇ ಬಂದ.

"ಒಂದು ವಿಷಯ ಮರ್ತಿದೀರಿ ನೀವೆಲ್ಲ. ಆ ಕಹಳೆಯವನು ಹುಟ್ಟಿದ್ದು ಪೋರ್ಚುಗಲ್ಲಿನಲ್ಲಿ ಅಂತಾರೆ. ಅಂದ್ಮೇಲೆ ಎವಿಲಾಸಿಯೊ ನಮ್ಮೋನು. ಬಾರಪ್ಪಾ, ನಮ್ಮ ಬ್ಯಾಂಡಿನಲ್ಲಿ ಮೊದಲನೇ ತುತ್ತೂರಿ ಕುರ್ಚಿ ನಿಂದೇ."

ಮೇಷ್ಟ್ರು ಕೆರಳಿದರು. "ಅವನು ಪೋರ್ಚುಗೀಸನಾಗಿ ಹುಟ್ಟಿ ನಮಗಾಗಿ ಊದಿದ! ಅವನ ಪ್ರತಿಯೊಂದು ತಪ್ಪೂ ನಮ್ದು. ಒಂದನ್ನೂ ಬಿಟ್ಟುಕೊಡಲ್ಲ!"

"ನಿಮ್ಮ ಬ್ಯಾಂಡಿನಲ್ಲಿ ಅವನನ್ನ ಬಾವುಟಕ್ಕೆ ಹಾಕಿದ್ರಂತೆ?"

"ಯಾರಯ್ಯಾ ಹೇಳಿದ್ದು ಹಾಗೆ? ಈ ಕೋಲು ನನ್ನ ಕೈಲಿರೋವರ್ಗೂ ಎವಿಲಾಸಿಯೊ ಈ ಕುರ್ಚಿ ಬಿಟ್ಟು ಕದಲೋ ಹಾಗಿಲ್ಲ!"

ಮೂವತ್ತೊಂದು ವರ್ಷ ಯಾರಿಗೂ ಬೇಡವಾಗಿದ್ದ ಮನುಷ್ಯನನ್ನು ಎರಡು ಬ್ಯಾಂಡುಗಳು ಹೀಗೆ ಕಿತ್ತಾಡಿಕೊಂಡವು. ಮಧ್ಯದಲ್ಲಿ ಅವನು ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತಿದ್ದ. ಅವನಿಗೆ ಸಂತೋಷವಾಗಿರಬೇಕೆಂದು ನೀವು ತಿಳಿಯಬಹುದು. ಹಿಂದಿನಿಂದ ನೋಡಿದ ನನಗೆ ಅವನ ಹೆಗಲು ಇಳಿದು ಹೋದದ್ದು ಕಾಣಿಸಿತು.

ಪ್ರದರ್ಶನದ ತಾಲೀಮು ಶುರುವಾಯಿತು. ಸೇನಾಪತಿಯ ಪಾತ್ರ ಡಾಕ್ಟರ್ ಅರ್ಲಿಂದೊ ಅವರದೇ. ಕುದುರೆ ಸಿಗದ ಕಾರಣ ಹೇಸರಗತ್ತೆಯ ಮೇಲೆ ಕುಳಿತು ಅವರು ಸೈನ್ಯಕ್ಕೆ ಶಿಸ್ತು ಕಲಿಸಿದರು. "ಕಹಳೆ ಕೇಳಿದ್ರೆ ಯೋಚ್ನೆ ಮಾಡ್ಬಾರ್ದು! ಹೇಳಿದಂಗೆ ಮಾಡ್ಬೇಕು! ಯಾವ ಕರೆಗೆ ಏನು ಅಂತ ಬಾಯಿಪಾಠ ಮಾಡ್ಕೊಳ್ಳಿ!" ಮೀನುಗಾರರು ಶ್ರದ್ಧೆಯಿಂದ ಬಾಯಿಪಾಠ ಮಾಡಿದರು. ಎವಿಲಾಸಿಯೊ ಮೊದಲ ದಿನ ಹೆದರಿಕೆಯಲ್ಲಿ, ತಾನು ಹರೆಯದಲ್ಲಿ ಒಂದು ವರ್ಷ ಸೈನ್ಯದಲ್ಲಿದ್ದಾಗ ಊದುತ್ತಿದ್ದ ಒಂದೇ ಒಂದು ಕರೆಯನ್ನು ಊದಿದ. ಅದು ಊಟದ ಕರೆ. ಸೈನ್ಯ ಯೋಚನೆ ಮಾಡದೆ ಊಟಕ್ಕೆ ಹೊರಟುಹೋಯಿತು. ಮಧ್ಯಾಹ್ನ ಮೂರಾದರೂ ಒಬ್ಬನೂ ಹಿಂತಿರುಗಲಿಲ್ಲ.

ಆಗ ಅವನಿಗೆ ನೆರವಾದವಳು ಇವೊನೆಯ್ಡೆ. ಯಾರ ಕುರ್ಚಿ ಅವಳಿಗೆ ಸಿಗಬೇಕಿತ್ತೋ ಅವನು ಔಷಧಿ ಅಂಗಡಿಗೆ ಹೋಗಿ ತಲೆನೋವಿನ ಮಾತ್ರೆ ಕೇಳಿ, ಹಾಗೆಯೇ ನಿಂತುಕೊಂಡ.

"ಇನ್ನೇನಾದ್ರೂ ಬೇಕಿತ್ತಾ ಅಣ್ಣಾ?"

"ಆವತ್ತು ಆ ಸೇನಾಪತಿ ಊದು ಅಂದದ್ದು ಯಾವ್ದಮ್ಮಾ? ಹಿಂದೆ ಸರಿಯೋ ಕರೆ. ಅದು ಹೇಗಿರುತ್ತೆ? ಸರಿ ಯಾವುದು ಅಂತ ಗೊತ್ತಿಲ್ದೆ ತಪ್ಪು ಹೇಗಮ್ಮಾ ಊದ್ಲಿ?"

ಅವಳು ನಗಲಿಲ್ಲ. ತುತ್ತೂರಿ ತಂದು, ಗಿರಾಕಿಗಳನ್ನು ಕಾಯಿಸಿ, ಆ ಕರೆಯನ್ನು ಊದಿ ತೋರಿಸಿದಳು. ಅವನು ಅದಕ್ಕೆ ಮರುಳಾಗಿಬಿಟ್ಟ. ಮುನ್ನುಗ್ಗುವ ಕರೆ ಬರೀ ಆರ್ಭಟ. ಹಿಂದೆ ಸರಿಯುವ ಕರೆಯಾದರೋ ನಿಧಾನ, ಬಾಗಿಲಲ್ಲಿ ನಿಂತ ತಾಯಿ ಹೊತ್ತಾಯ್ತು ಮನೆಗೆ ಬನ್ನಿರೋ ಎಂದು ಕರೆದ ಹಾಗೆ. ಅದನ್ನೇ ಅವನು ಎರಡು ವಾರ ಅಂಗಡಿಯ ಬಾಗಿಲು ಹಾಕಿಕೊಂಡು ಸಾಧಿಸಿದ. ಮದುವೆಯಾದ ಮೇಲೆ ಅವನು ಊದುವಾಗ ನಾಯಿ ಮನೆ ಬಿಟ್ಟು ಹೋಗದೆ ಮಲಗಿದ್ದು ಇದೇ ಮೊದಲು ಎಂದು ಜಂದಿರಾ ನನ್ನ ಹೆಂಡತಿಗೆ ಹೇಳಿದಳು. ಅವನು ಊದಬೇಕಾದದ್ದು ಆ ಕರೆಯನ್ನಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಜುಲೈ ಎರಡು ಬಂತು. ತುಂತುರು ಮಳೆ. ತಲೆಗೆ ಗರಿ ಸಿಕ್ಕಿಸಿಕೊಂಡ, ನಾಡಿನ ಮೂಲನಿವಾಸಿ ವೀರ ಕಾಬೊಕ್ಲೊನ ಗೊಂಬೆಯನ್ನು ಗಾಡಿಯ ಮೇಲೆ ಹಸಿರು ಹಳದಿ ಎಲೆಗಳ ನಡುವೆ ಕೂರಿಸಿ ಎಳೆದು ತಂದೆವು. ರಾಜ್ಯಪಾಲರ ಪ್ರತಿನಿಧಿ ಕೊಡೆಯ ಕೆಳಗೆ ಕುಳಿತಿದ್ದರು. ದೊನಾ ಕ್ರಿಸ್ಪಿನಾ ಮೈದಾನದ ಅಂಚಿನಲ್ಲಿ ಬಾಣಲೆ ಹೂಡಿದ್ದಳು. ನಾನು ಹೊಲಿದ ನೀಲಿ ಕೋಟು ತೊಟ್ಟು ಎವಿಲಾಸಿಯೊ ಮೈದಾನದ ನಡುವೆ ಒಬ್ಬನೇ ನಿಂತಿದ್ದ. ತೋಳು ಸ್ವಲ್ಪ ಉದ್ದವಾಗಿತ್ತು, ಅದು ನನ್ನ ತಪ್ಪಲ್ಲ, ಅಳತೆ ತೆಗೆದ ದಿನಕ್ಕಿಂತ ಅವನು ಕುಗ್ಗಿದ್ದ.

ಪಟಾಕಿ ಸಿಡಿಯಿತು, ಹೊಗೆ ಎದ್ದಿತು, ನಮ್ಮವರು ಸೋಲುವ ನಟನೆ ಮಾಡಿದರು. ಪ್ರತಿ ವರ್ಷದ ಹಾಗೆ ಲುಜಿಟಾನಾದವರು ಈ ಹೊತ್ತಿಗೇ ಬೆನ್ನು ತಿರುಗಿಸಿ, ಪ್ಯಾಂಟು ಮೇಲೆತ್ತಿಕೊಂಡು ಓಡಲು ಸಿದ್ಧರಾಗಿ ನಿಂತರು. ಡಾಕ್ಟರ್ ಅರ್ಲಿಂದೊ ಹೇಸರಗತ್ತೆಯ ಮೇಲೆ ಎದ್ದು ನಿಂತು ಕತ್ತಿ ಎತ್ತಿದರು. ಮೂರು ಬೀದಿ ಆಚೆಗೂ ಕೇಳುವ ಹಾಗೆ ಕಿರುಚಿದರು: "ಕಹಳೆಯವನೇ! ಹಿಂದೆ ಸರಿಯಿರಿ ಎಂದು ಊದು!"

ಎವಿಲಾಸಿಯೊ ಕಹಳೆ ಎತ್ತಿ ಊದಿದ. ಹಿಂದೆ ಸರಿಯಿರಿ ಎಂದೇ ಊದಿದ.

ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಒಂದೂ ತಪ್ಪಿಲ್ಲ. ಎರಡೂ ಕಿವಿ ತಮ್ಮ ಸಹಜವಾದ ಬಣ್ಣದಲ್ಲೇ ಇದ್ದವು. ಅದೆಂಥ ಊದುವಿಕೆ! ಮಳೆಯಲ್ಲಿ ಆ ಸ್ವರ ಮೈದಾನ ದಾಟಿ ನದಿಯವರೆಗೆ ಹೋಗಿ ತೇಲಿತು. ಇಪ್ಪತ್ತಾರು ವರ್ಷ ಅವನ ಬೆನ್ನ ಹಿಂದೆ ನಿಂತವನು ನಾನು, ಆ ಮನುಷ್ಯನ ಒಳಗೆ ಇದಿತ್ತೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಆಮೇಲೆ ಸೈನ್ಯ ತಾನು ಬಾಯಿಪಾಠ ಮಾಡಿದ್ದನ್ನು ಪಾಲಿಸಿತು. ಇನ್ನೂರು ಮೀನುಗಾರರು, ಹದಿನೆಂಟು ಮೇಷ್ಟ್ರುಗಳು ಯೋಚನೆ ಮಾಡದೆ ಹಿಂದಕ್ಕೆ ಓಡಿದರು. ಹೇಸರಗತ್ತೆಗೆ ಯಾರೂ ಹೇಳಿಕೊಡದಿದ್ದರೂ ಅದೂ ಓಡಿತು, ಸೇನಾಪತಿಯನ್ನು ಹೊತ್ತುಕೊಂಡೇ ಓಡಿತು. ದೊನಾ ಕ್ರಿಸ್ಪಿನಾ ಬಾಣಲೆಗೆ ಅಡ್ಡ ನಿಂತು, "ನನ್ನ ಎಣ್ಣೆ ಮುಟ್ಟಿದೋನನ್ನ ಅದರಲ್ಲೇ ಕರೀತೀನಿ!" ಎಂದು ಸೌಟು ಬೀಸಿದಳು. ಅವಳೊಬ್ಬಳೇ ಅಂದು ಬಾಹಿಯಾದ ನೆಲ ಬಿಟ್ಟುಕೊಡದವಳು.

ಅತ್ತ ಲುಜಿಟಾನಾದವರು ಹತ್ತು ಹೆಜ್ಜೆ ಓಡಿ, ಹಿಂದೆ ಯಾರೂ ಅಟ್ಟಿಸಿಕೊಂಡು ಬಾರದ್ದನ್ನು ನೋಡಿ ನಿಂತರು.

"ಏನಾಯ್ತು?" ಎಂದ ಒಬ್ಬ.

"ನಾವು ಗೆದ್ವಿ ಅನ್ಸುತ್ತೆ," ಎಂದ ಕುಸ್ತೊದಿಯೊ.

"ಈಗ ಏನು ಮಾಡ್ಬೇಕು?"

ಅದು ಯಾರಿಗೂ ಗೊತ್ತಿರಲಿಲ್ಲ. ಗೆದ್ದ ಮೇಲೆ ಏನು ಮಾಡಬೇಕೆಂದು ಅವರಿಗೆ ನೂರು ವರ್ಷದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲವರು ಟೋಪಿ ತೆಗೆದರು, ಒಬ್ಬ ಮುದುಕ ಅಪ್ಪನನ್ನು ನೆನೆದು ಅತ್ತ, ಉಳಿದವರು ಹುಲ್ಲಿನ ಮೇಲೆ ಕುಳಿತರು. ಕೊನೆಗೆ ಕುಸ್ತೊದಿಯೊ ನಮ್ಮ ಕಡೆಗೆ ನಡೆದು ಬಂದು, ಈ ಗೆಲುವನ್ನು ಯಾರಿಗೆ ಒಪ್ಪಿಸಬೇಕೆಂದು ವಿನಯದಿಂದ ವಿಚಾರಿಸಿದ.

ರಾಜ್ಯಪಾಲರ ಪ್ರತಿನಿಧಿ ಮಾತ್ರ ಚಪ್ಪಾಳೆ ತಟ್ಟಿದರು. ಇದುವರೆಗೆ ಬಹಳ ಚೆನ್ನಾಗಿದೆ ಎಂದರು.

ಡಾಕ್ಟರ್ ಅರ್ಲಿಂದೊ ಕೆಸರಿನ ಮುದ್ದೆಯಾಗಿ, ಹೇಸರಗತ್ತೆಯನ್ನು ಎಳೆದುಕೊಂಡು ಕಾಲ್ನಡಿಗೆಯಲ್ಲಿ ಹಿಂತಿರುಗಿದರು. "ಬಾಹಿಯಾ ಹೋಯ್ತು! ಪೋರ್ಚುಗಲ್ ಪಾಲಾಯ್ತು! ಲೋ ಎವಿಲಾಸಿಯೊ, ಏನೋ ಊದಿದೆ ನೀನು?"

"ನೀವು ಹೇಳಿದ್ದನ್ನೇ ಡಾಕ್ಟ್ರೇ. ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ."

ಜನ ಸುತ್ತುಗಟ್ಟಿದರು. ದೊನಾ ಕ್ರಿಸ್ಪಿನಾ ಸೌಟನ್ನು ಅವನ ಮೂಗಿನ ನೇರಕ್ಕೆ ಹಿಡಿದಳು. "ಇವ್ನು ಆ ವಂಶದೋನೇ ಅಲ್ಲ! ಆ ವಂಶದೋನಾಗಿದ್ರೆ ಹೇಳಿದ್ದನ್ನ ಊದ್ತಿದ್ನಾ? ತಪ್ಪೇ ಇಲ್ಲ ಕಣ್ರೀ ಅದ್ರಲ್ಲಿ, ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ! ಮೂಗು ನೋಡಿ ಮೋಸ ಹೋದೆ!"

ಎವಿಲಾಸಿಯೊ ಟೋಪಿ ತೆಗೆದ. "ಹೌದು. ನಮ್ಮಜ್ಜ ಏಡಿ ಹಿಡೀತಿದ್ದ. ಅವರಪ್ಪಾನೂ ಅಷ್ಟೆ. ಆ ಕುರ್ಚಿ ಬಿಡೋಕ್ಕೆ ಮನಸ್ಸು ಬರ್ಲಿಲ್ಲ, ಸುಳ್ಳು ಹೇಳ್ದೆ. ಗುರುವಾರ ಒಂದು ದಿನ ನಾನೂ ಏನೋ ಒಂದು ಆಗಿದ್ದೆ. ಅದೂ ಹೋದ್ರೆ ಬರೀ ಬೀಗದೋನು." ಇವೊನೆಯ್ಡೆಯ ಹತ್ತಿರ ಹೋಗಿ ಕಹಳೆಯನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳದೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಆಗ ಮುದಿ ಮೀನುಗಾರನೊಬ್ಬ ಕೆಮ್ಮಿದ. "ನಮ್ಮ ಮನೇಲೊಂದು ಮಾತಿದೆ," ಎಂದ. "ಆವತ್ತು ಪಿರಾಜಾದಲ್ಲಿ ನಮ್ಮ ಹಿರಿಯ ಕಹಳೆ ಊದೋವರ್ಗೂ ಕಾಯ್ಲಿಲ್ಲ. ಮುಂಚೇನೇ ಓಡಿದ್ನಂತೆ. ಹೊರಗೆ ಎಲ್ಲೂ ಹೇಳಿಲ್ಲ ನಾವು."

"ನಮ್ಮೋನು ಮರ ಹತ್ತಿದ್ನಂತೆ," ಎಂದ ಅಂಚೆ ಗುಮಾಸ್ತ. "ಎರಡು ದಿನ ಇಳೀಲಿಲ್ವಂತೆ."

"ನಮ್ಮೋಳು ಎರಡೂ ಕಡೆಯೋರಿಗೂ ವಡೆ ಮಾರಿದ್ಳು," ಎಂದಳು ದೊನಾ ಕ್ರಿಸ್ಪಿನಾ. "ಅದ್ರಲ್ಲಿ ಏನು ತಪ್ಪು? ಹಸಿವಾಗಿತ್ತು, ತಿಂದ್ರು."

ಎಲ್ಲರೂ ಮೇಷ್ಟ್ರ ಕಡೆ ನೋಡಿದೆವು. ಮೇಷ್ಟ್ರು ಎರ್ಮೊಜೆನೆಸ್ ಇಷ್ಟು ಹೊತ್ತು ಮಳೆಯಲ್ಲೇ ನಿಂತಿದ್ದರು. ಈಗ ಕೆಸರು ತುಳಿಯುತ್ತ ಎವಿಲಾಸಿಯೊನ ಎದುರಿಗೆ ಬಂದರು.

"ಇನ್ನೊಂದ್ಸಲ ಊದು."

"ಯಾವ್ದು ಮೇಷ್ಟ್ರೇ?"

"ಈಗ ಊದಿದ್ಯಲ್ಲ, ಅದೇ. ಡಾಕ್ಟ್ರೇ, ಕತ್ತೆ ಹತ್ತಿ. ಕುಸ್ತೊದಿಯೊ, ನಿಮ್ಮೋರನ್ನ ಎಬ್ಸು, ಸೋಲೋದಿದೆ. ಇವೊನೆಯ್ಡೆ, ಇವ್ನು ಮುಗಿಸಿದ ಮೇಲೆ ಮುನ್ನುಗ್ಗೋ ಕರೆ ನೀನು ಊದಮ್ಮಾ. ಸೈನ್ಯದೋರೇ, ಅಲ್ಲೀವರ್ಗೂ ಕಿವಿ ಮುಚ್ಕೊಳ್ಳಿ!"

ಕದನ ಮತ್ತೆ ಮೊದಲಿನಿಂದ ನಡೆಯಿತು. ಡಾಕ್ಟರ್ ಕೂಗಿದರು, ಎವಿಲಾಸಿಯೊ ಊದಿದ. ಮನೆಗೆ ಬನ್ನಿರೋ, ಸಾಕು ಬನ್ನಿರೋ ಎಂಬ ಆ ಕರೆ ಎರಡನೇ ಸಲವೂ ಹಾಗೆಯೇ, ಕಲೆ ಇಲ್ಲದ ಕನ್ನಡಿಯ ಹಾಗೆ ಬಂತು. ಮೀನುಗಾರರು ಕಿವಿ ಮುಚ್ಚಿಕೊಂಡಂತೆ ನಟಿಸಿ ಬೆರಳ ಸಂದಿನಿಂದ ಕೇಳಿದರು. ಇವೊನೆಯ್ಡೆ ತುತ್ತೂರಿಯನ್ನು ಕೆಳಗಿಳಿಸಿ ಕೇಳುತ್ತ ನಿಂತವಳು ತನ್ನ ಸರದಿಯನ್ನೇ ಮರೆತಳು. ಮೇಷ್ಟ್ರು ಅವಳನ್ನು ಬಯ್ಯಲಿಲ್ಲ. ಅವರೂ ಮರೆತಿದ್ದರು. ಆಮೇಲೆ ಅವಳು ಊದಿದಳು, ನಾವು ನುಗ್ಗಿದೆವು, ಲುಜಿಟಾನಾದವರು ನೆಮ್ಮದಿಯಿಂದ ಓಡಿದರು, ಬಾಹಿಯಾ ನಮ್ಮ ಕೈ ಸೇರಿತು.

ಜನ ಚದುರಿದ ಮೇಲೆ ಎವಿಲಾಸಿಯೊ ಕೋಟು ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿ, ಮೇಷ್ಟ್ರ ಹತ್ತಿರ ಹೋದ. ಜಂದಿರಾ ಎರಡು ಹೆಜ್ಜೆ ಹಿಂದೆ ನಿಂತಿದ್ದಳು.

"ಗುರುವಾರ ಬೇಗ ಬಂದು ಬಾವುಟ ತಗೋತೀನಿ ಮೇಷ್ಟ್ರೇ. ಕೋಲಿಗೆ ಎಣ್ಣೆ ಹಚ್ಬೇಕು."

ಮೇಷ್ಟ್ರು ಒದ್ದೆ ಕನ್ನಡಕವನ್ನು ಒದ್ದೆ ಅಂಗಿಯಿಂದ ಒರೆಸಿದರು. "ನನ್ನ ಮಾರ್ಚು ತಪ್ಪಾಗಿದೆ ಕಣೋ. ಇಪ್ಪತ್ತು ವರ್ಷದಿಂದ ಬರೀ ಗೆದ್ದಿದ್ದನ್ನೇ ನುಡಿಸ್ತಿದೀವಿ. ತನ್ನ ಜನ ಜೀವಸಹಿತ ಮನೆ ಸೇರ್ಲಿ ಅಂತ ಆ ಸೇನಾಪತಿ ಹೇಳಿದ್ದನ್ನ ಯಾರಿಗೂ ಕೇಳಿಸ್ಲೇ ಇಲ್ಲ ನಾನು. ಎಂಟು ಆವರ್ತ ಸೇರಿಸ್ತೀನಿ. ನಾಲ್ಕನೇ ತುತ್ತೂರಿಗೆ, ಒಂಟಿಯಾಗಿ."

"ನಮ್ಮಲ್ಲಿ ನಾಲ್ಕನೇ ತುತ್ತೂರಿ ಇಲ್ವಲ್ಲ ಮೇಷ್ಟ್ರೇ."

"ಅದಕ್ಕೇ ಮತ್ತೆ ಹೇಳ್ತಿರೋದು, ಕತ್ತೆ! ಗುರುವಾರ ಬರುವಾಗ ಮನೆಯಿಂದ ಒಂದು ಕುರ್ಚಿ ಹೊತ್ಕೊಂಡು ಬಾ!"

ಎವಿಲಾಸಿಯೊ ಅಲ್ಲೇ ಕೆಸರಿನಲ್ಲಿ ಕುಳಿತು ಗೊಳೋ ಎಂದು ಅತ್ತ. ಜಂದಿರಾ ಅವನ ಪಕ್ಕ ಕುಳಿತು ಬಯ್ಯುತ್ತ ಬಯ್ಯುತ್ತ ಅತ್ತಳು. ನಾನೂ ಅತ್ತೆ. ಆದರೆ ಟ್ಯೂಬಾ ಅಪ್ಪಿಕೊಂಡವನಿಗೆ ಕಣ್ಣೊರೆಸಿಕೊಳ್ಳಲು ಕೈ ಇರುವುದಿಲ್ಲ. ಆ ಕೆಲಸವನ್ನು ಮಳೆ ಮಾಡಿಕೊಟ್ಟಿತು.